ಮಾಲೆ ತೆಗೆದ ಮರುದಿನ ಏನು ಮಾಡೋದು?

ಕುಡಿತ ಬಿಡಿಸೋದು ಅಂದ ಕೂಡಲೇ ನಮ್ಮ ಬ್ಯಾಚಿನ ಬಹಳ ಜನರಿಗೆ ನೆನಪಾಗೋದು ಯಾವುದೋ ಇಂಗ್ಲಿಷ್ ಸೀರೀಸ್‌ನಲ್ಲಿ ನೋಡಿದ ದೃಶ್ಯ. ಒಂದು ಹಾಲ್, ರೌಂಡಾಗಿ ಹಾಕಿದ ಹತ್ತು ಹನ್ನೆರಡು ಕುರ್ಚಿ. ಒಬ್ಬ ಎದ್ದು ನಿಂತು ಹೆಸರು ಹೇಳ್ತಾನೆ, ತಾನು ಕುಡಿತದ ರೋಗಿ ಅಂತ ಒಪ್ಕೋತಾನೆ, ಉಳಿದವರು ಚಪ್ಪಾಳೆ ತಟ್ತಾರೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬಂದ ನಮಗೆ ಆ ಹಾಲ್ ಎಲ್ಲಿದೆ ಅಂತ ಕೇಳಿದ್ರೆ ಉತ್ತರ ಇಲ್ಲ. ಆದ್ರೆ ನಮ್ಮ ಕಡೆ ಕುಡಿತ ಬಿಟ್ಟವರು ಇಲ್ವೇ ಇಲ್ಲ ಅಂತಲ್ಲ. ಅಯ್ಯಪ್ಪನ ಮಾಲೆ ಹಾಕಿ ಬಿಟ್ಟವರಿದ್ದಾರೆ. ಪಂಢರಪುರಕ್ಕೆ ಹೋಗಿ ತುಳಸಿ ಮಾಳ ಹಾಕ್ಕೊಂಡು ಬಿಟ್ಟವರಿದ್ದಾರೆ. ಸ್ವಾಮಿಗಳ ಜೋಳಿಗೆಗೆ ಹಾಕಿ ಬಿಟ್ಟವರು, ಶಿಬಿರದಲ್ಲಿ ಎಂಟು ದಿನ ಕೂತು ಬಿಟ್ಟವರು, ಡಾಕ್ಟರ್ ಕೊಟ್ಟ ಗುಳಿಗೆ ತಿಂದು ಬಿಟ್ಟವರೂ ಇದ್ದಾರೆ.

ಈ ದಾರಿಗಳನ್ನ ಕ್ಯಾಂಪಸ್‌ನಲ್ಲಿ ನಾವು ಎರಡು ರೀತಿ ನೋಡ್ತೀವಿ. ಒಂದು ಗುಂಪು "ಇದೆಲ್ಲಾ ಮೂಢನಂಬಿಕೆ" ಅಂತ ನಗುತ್ತೆ. ಇನ್ನೊಂದು ಗುಂಪು "ದೇವರ ಮುಂದೆ ಯಾವ ಡಾಕ್ಟರ್ ಬೇಕು" ಅಂತ ಕೈ ಮುಗಿಯುತ್ತೆ. ನನ್ನ ಅಭಿಪ್ರಾಯದಲ್ಲಿ ಇಬ್ಬರೂ ಅರ್ಧ ಮಾತ್ರ ನೋಡ್ತಿದ್ದಾರೆ. ಈ ದಾರಿಗಳಲ್ಲಿ ನಿಜವಾದ ಶಕ್ತಿ ಇದೆ, ಅದಕ್ಕೆ ಕಾರಣಾನೂ ಇದೆ. ಹಾಗೇ ಇವುಗಳಲ್ಲಿ ದೊಡ್ಡ ತೂತುಗಳೂ ಇವೆ, ಆ ತೂತುಗಳಲ್ಲಿ ಜೀವ ಹೋಗಬಹುದು. ತೂತು ಮುಚ್ಚೋಕೆ ಬೇಕಾದ ಸಾಮಾನು ಮಾತ್ರ ನಮ್ಮ ತಾಲೂಕು ಕೇಂದ್ರಗಳಲ್ಲೇ ಇದೆ.

ಆ ಕುರ್ಚಿಗಳ ಕಥೆ

ಮೊದಲು ಆ ವೃತ್ತದ ಬಗ್ಗೆ ಎರಡು ಮಾತು. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದ್ರೆ ಎಎ, 1935ರಲ್ಲಿ ಅಮೆರಿಕಾದ ಆಕ್ರನ್ ಅನ್ನೋ ಊರಲ್ಲಿ ಶುರುವಾಯ್ತು. ಶುರು ಮಾಡಿದವರು ಇಬ್ಬರು, ಇಬ್ಬರೂ ಕುಡಿತದಿಂದ ಹಾಳಾದವರೇ. ಫೀಸ್ ಇಲ್ಲ, 12 ಮೆಟ್ಟಿಲುಗಳ ಒಂದು ಕ್ರಮ, ವಾರವಾರ ಕೂಡಿ ಮಾತಾಡೋದು. ಲಕ್ಷಾಂತರ ಜನಕ್ಕೆ ಅದರಿಂದ ಒಳ್ಳೇದಾಗಿದೆ, ಅದನ್ನ ಹಗುರ ಮಾಡೋಕೆ ನಾನು ಬರೆಯುತ್ತಿಲ್ಲ.

ಆದ್ರೆ ಅದರ ಹೆಸರಲ್ಲೇ ಇರೋ "ಅನಾನಿಮಸ್" ಅನ್ನೋ ಪದ ನೋಡಿ. ಯಾರಿಗೂ ಗೊತ್ತಾಗದ ಹಾಗೆ ಬಂದು ಕೂತು ಹೋಗಬಹುದು ಅನ್ನೋದೇ ಅದರ ಭರವಸೆ. ಬೆಂಗಳೂರಲ್ಲಿ ಅದು ಆಗುತ್ತೆ. ನಮ್ಮ ಊರಲ್ಲಿ ಬಸ್ ಇಳಿದು ಮನೆ ಮುಟ್ಟೋದ್ರೊಳಗೆ ನಾಲ್ಕು ಜನ "ಯಾವಾಗ ಬಂದಿ, ಎಲ್ಲಿಗ್ ಹೋಗಿದ್ದಿ" ಅಂತ ಕೇಳ್ತಾರೆ. ಅಂಥ ಕಡೆ ಗುಟ್ಟಿನ ಮೀಟಿಂಗ್ ನಡೆಯೋದು ಕಷ್ಟ. ಕುಡಿಯೋನು ಯಾರು, ಎಷ್ಟು ಕುಡೀತಾನೆ, ಎಲ್ಲಿ ಉದ್ರಿ ಇಟ್ಟಿದ್ದಾನೆ, ಎಲ್ಲಾ ಊರಿಗೇ ಗೊತ್ತು. ಗುಟ್ಟೇ ಇಲ್ಲದ ಕಡೆ ಬೇರೆ ಉಪಾಯ ಬೇಕು. ನಮ್ಮವರು ಕಂಡುಕೊಂಡ ಉಪಾಯ ಪೂರ್ತಿ ಉಲ್ಟಾ: ಎಲ್ಲರಿಗೂ ಕಾಣೋ ಹಾಗೆ ಬಿಡೋದು.

ಎಎ ಒಂದೇ ದಾರಿ ಅಂತ ಅಮೆರಿಕಾದವರೂ ಅಂದುಕೊಂಡಿಲ್ಲ. ಗಂಡಸರ ಅನುಭವದ ಮೇಲೆ ಕಟ್ಟಿದ್ದು ಹೆಣ್ಣುಮಕ್ಕಳಿಗೆ ಹೊಂದಲ್ಲ ಅಂತ ಜೀನ್ ಕರ್ಕ್‌ಪ್ಯಾಟ್ರಿಕ್ ಅನ್ನೋ ಮಹಿಳೆ 1975ರಲ್ಲಿ "ವಿಮೆನ್ ಫಾರ್ ಸೊಬ್ರೈಟಿ" ಶುರು ಮಾಡಿದ್ರು. ದೇವರ ಹೆಸರು ಬೇಡ, ಯೋಚನೆ ಮತ್ತು ನಡವಳಿಕೆ ಬದಲಾಯಿಸೋ ತರಬೇತಿ ಸಾಕು ಅಂತ 1994ರಲ್ಲಿ "ಸ್ಮಾರ್ಟ್ ರಿಕವರಿ" ಹುಟ್ಟಿತು. ಅಲ್ಲಿನವರಿಗೇ ಬೇರೆ ಬೇರೆ ದಾರಿ ಬೇಕಾದಾಗ, ನಮ್ಮವರಿಗೆ ನಮ್ಮದೇ ದಾರಿ ಇದ್ರೆ ಅದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ.

ಜೋಳಿಗೆ ಮತ್ತು ಶಿಬಿರ

ಅದೇ 1975ರಲ್ಲಿ ನಮ್ಮ ಕರ್ನಾಟಕದಲ್ಲೇ ಇನ್ನೊಂದು ಪ್ರಯೋಗ ಶುರುವಾಯ್ತು. ಇಳಕಲ್ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮಿಗಳು ಹೆಗಲಿಗೆ ಜೋಳಿಗೆ ಹಾಕ್ಕೊಂಡು ಮನೆ ಮನೆಗೆ ಹೋದ್ರು. ಕಾಳು ಬೇಡಲಿಲ್ಲ, ರೊಕ್ಕ ಬೇಡಲಿಲ್ಲ. ನಿಮ್ಮ ಚಟ ಹಾಕಿ ಅಂತ ಬೇಡಿದ್ರು. ಜನ ಬೀಡಿ ಕಟ್ಟು, ತಂಬಾಕಿನ ಚೀಟು ಜೋಳಿಗೆಗೆ ಹಾಕಿ, ಇನ್ನು ಮುಟ್ಟಲ್ಲ ಅಂತ ಮಾತು ಕೊಟ್ರು. ಅದಕ್ಕೆ "ಮಹಾಂತ ಜೋಳಿಗೆ" ಅಂತಾನೇ ಹೆಸರು ಬಂತು. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದ್ರು. ಅವರು ಹುಟ್ಟಿದ ದಿನ ಆಗಸ್ಟ್ 1 ಅನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತೆ. ಅವತ್ತು ಪ್ರತಿಜ್ಞೆ ಮಾಡುವಾಗ ಅದರ ಹಿಂದೆ ಇರೋ ಜೋಳಿಗೆ ಎಷ್ಟು ಜನರಿಗೆ ಗೊತ್ತಿರುತ್ತೋ!

ಇದರಲ್ಲಿ ನನಗೆ ಹಿಡಿಸಿದ್ದು ಒಂದು ವಿಷಯ. ಭಿಕ್ಷೆ ಬೇಡೋನ ಮುಂದೆ ಕೊಡೋನು ದೊಡ್ಡವನಾಗ್ತಾನೆ. ಊರಲ್ಲಿ ಎಲ್ಲರೂ ಛೀ ಅನ್ನೋ ಮನುಷ್ಯನ ಮನೆ ಬಾಗಿಲಿಗೆ ಸ್ವಾಮಿಗಳೇ ಬಂದು ಬೇಡಿದ್ರೆ ಅವನಿಗೆ ಆ ಹೊತ್ತು ಏನೋ ಕೊಡೋ ಯೋಗ್ಯತೆ ಬಂತು. ಕುಡುಕನಿಗೆ ಬುದ್ಧಿ ಹೇಳೋರು ನೂರು ಜನ ಸಿಗ್ತಾರೆ, ಅವನ ಮರ್ಯಾದೆ ವಾಪಸ್ ಕೊಡೋರು ಅಪರೂಪ.

ಇನ್ನೊಂದು ದಾರಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರ. ಯಾವುದೋ ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ಎಂಟು ದಿನ ಇರಬೇಕು. ಬೆಳಿಗ್ಗೆ ಯೋಗ, ಭಜನೆ, ಮಾತುಕತೆ, ಆರೋಗ್ಯ ತಪಾಸಣೆ, ಮನೆಯವರನ್ನೂ ಕರೆಸ್ತಾರೆ. ಶಿಬಿರ ಮುಗಿಸಿದವರನ್ನ "ನವಜೀವನ" ಸದಸ್ಯರು ಅಂತಾರೆ, ಊರಿಗೆ ಹೋದ ಮೇಲೂ ಸೇರೋಕೆ ನವಜೀವನ ಸಮಿತಿ ಇರುತ್ತೆ. ಊರೂರಿಗೆ ಹೋಗಿ ಮಾಡೋದ್ರಿಂದ ಆಸ್ಪತ್ರೆ ಮೆಟ್ಟಿಲು ಹತ್ತೋಕೆ ನಾಚೋರೂ ಇಲ್ಲಿಗೆ ಬರ್ತಾರೆ.

ಮಾಲೆ ಯಾಕೆ ಕೆಲಸ ಮಾಡುತ್ತೆ?

ಜೋಳಿಗೆ, ಶಿಬಿರಕ್ಕಿಂತ ನಮ್ಮ ಮೂರೂ ತಾಲೂಕಲ್ಲಿ ಕಣ್ಣಿಗೆ ಜಾಸ್ತಿ ಬೀಳೋದು ಮಾಲೆ. ನವೆಂಬರ್ ಮಧ್ಯದಿಂದ ಕಪ್ಪು ಬಟ್ಟೆ, ಬರಿಗಾಲು, ಕೊರಳಲ್ಲಿ ಮಣಿ ಮಾಲೆ. 41 ದಿನದ ವ್ರತ. ನಿನ್ನೆವರೆಗೂ ವೈನ್ ಶಾಪ್ ಮುಂದೆ ನಿಲ್ಲುತ್ತಿದ್ದ ಮನುಷ್ಯ ಇವತ್ತು ಬೆಳಗಿನ ಜಾವ ತಣ್ಣೀರು ಸ್ನಾನ ಮಾಡಿ ಶರಣು ಕೂಗ್ತಾನೆ. ಇದನ್ನ ಇಂಜಿನಿಯರಿಂಗ್ ಕಣ್ಣಲ್ಲಿ ಒಮ್ಮೆ ಬಿಚ್ಚಿ ನೋಡೋಣ.

ಒಂದು, ಶುರುವಾಗೋಕೆ ಒಂದು ದಿನಾಂಕ ಇದೆ. "ನಾಳೆಯಿಂದ ಬಿಡ್ತೀನಿ" ಅನ್ನೋ ನಾಳೆ ಕ್ಯಾಲೆಂಡರ್‌ನಲ್ಲಿ ಸಿಗುತ್ತೆ. ಎರಡು, ಹೆಸರೇ ಬದಲಾಗುತ್ತೆ. ಊರಲ್ಲಿ ಅಡ್ಡಹೆಸರು ಹಿಡಿದು ಕರೆಸಿಕೊಳ್ಳೋನನ್ನ ಅವತ್ತಿನಿಂದ ಎಲ್ಲರೂ "ಸ್ವಾಮಿ" ಅಂತಾರೆ, ಹೆಂಡತಿ ಮಕ್ಕಳು ಸಹ. ಮೂರು, ಕುಡಿಯೋಕೆ ಒತ್ತಾಯ ಮಾಡೋ ಗೆಳೆಯರೇ ದೂರ ನಿಲ್ತಾರೆ, ಮಾಲೆ ಹಾಕಿದವನಿಗೆ ಗ್ಲಾಸ್ ಕೊಡೋ ಧೈರ್ಯ ಯಾರಿಗಿದೆ? ನಾಲ್ಕು, ಸಂಜೆಯ ಖಾಲಿ ಹೊತ್ತು ತುಂಬುತ್ತೆ. ಕುಡಿತಕ್ಕೆ ಅತಿ ಅಪಾಯದ ಟೈಮು ಸಂಜೆ ಆರರಿಂದ ಒಂಬತ್ತು. ಆ ಟೈಮಲ್ಲೇ ಪೂಜೆ, ಭಜನೆ. ಐದು, ಜೊತೆಗೆ ಒಂದು ಗುಂಪು ಮತ್ತು ಮಾಲೆ ಹಾಕಿಸಿದ ಗುರುಸ್ವಾಮಿ ಇರ್ತಾರೆ.

ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್ ಚಟ ಹತ್ತಿದ ಅಮೆರಿಕನ್ ಸೈನಿಕರನ್ನ ಲೀ ರಾಬಿನ್ಸ್ ಅನ್ನೋ ವಿಜ್ಞಾನಿ ಊರಿಗೆ ಬಂದ ಮೇಲೆ ಹಿಂಬಾಲಿಸಿ ಅಧ್ಯಯನ ಮಾಡಿದ್ರು. ಎಲ್ಲರೂ ಹೆದರಿದ್ದಕ್ಕೆ ವಿರುದ್ಧವಾಗಿ ಬಹುಪಾಲು ಜನ ಮತ್ತೆ ಆ ಚಟಕ್ಕೆ ಬೀಳಲಿಲ್ಲ. ಜಾಗ, ಜೊತೆ, ದಿನಚರಿ ಬದಲಾದ್ರೆ ಚಟದ ಹಿಡಿತ ಸಡಿಲ ಆಗುತ್ತೆ ಅನ್ನೋಕೆ ಆ ಅಧ್ಯಯನವನ್ನ ಇವತ್ತಿಗೂ ತೋರಿಸ್ತಾರೆ. ಮಾಲೆ ಮಾಡೋದು ಅದನ್ನೇ. ಊರು ಬಿಡದೇ ಜಾಗ ಬದಲಾಯಿಸುತ್ತೆ. ಹಾಗಾಗಿ ನಗೋ ಗುಂಪಿಗೆ ನನ್ನ ಮಾತು: ದೇವರನ್ನ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು, ಆದ್ರೆ ಈ ಡಿಸೈನ್‌ನ ಹೀಯಾಳಿಸಬೇಡಿ.

ಮೊದಲ ತೂತು: ಮೂರನೇ ದಿನ

ಈಗ ಕೈ ಮುಗಿಯೋ ಗುಂಪಿಗೆ. ನಮ್ಮ ಓಣಿಯ ಒಬ್ಬ ಕಾಕಾ ಹೋದ ವರ್ಷ ಮಾಲೆ ಹಾಕಿದ್ರು. ಹತ್ತಾರು ವರ್ಷದಿಂದ ದಿನಾ ಕುಡಿಯೋರು, ಬೆಳಿಗ್ಗೆ ಎದ್ದ ಕೂಡಲೇ ಒಂದು ಕ್ವಾರ್ಟರ್ ಬೇಕಾಗುತ್ತಿತ್ತು. ಮಾಲೆ ಹಾಕಿದ ದಿನ ಪೂರ್ತಿ ನಿಲ್ಲಿಸಿದ್ರು. ಮರುದಿನ ಕೈ ನಡುಕ, ಬೆವರು, ನಿದ್ದೆ ಇಲ್ಲ. ಆಮೇಲೆ ಫಿಟ್ಸ್ ಬಂದು ಅಂಗಳದಲ್ಲೇ ಬಿದ್ರು. ಓಣಿಯವರು ಏನಂದ್ರು ಗೊತ್ತಾ? "ವ್ರತದಾಗ ಏನೋ ಮೈಲಿಗಿ ಆಗ್ಯಾದ, ಸ್ವಾಮಿ ಸಿಟ್ಟಾಗ್ಯಾನ." ಪುಣ್ಯಕ್ಕೆ ಅವರ ಮಗಳು ಹಟ ಮಾಡಿ ಆಸ್ಪತ್ರೆಗೆ ಒಯ್ದಳು, ಜೀವ ಉಳೀತು.

ದೇವರ ಸಿಟ್ಟಿಗೂ ಇದಕ್ಕೂ ಸಂಬಂಧ ಇಲ್ಲ, ಇದು ಮೆದುಳಿನ ಲೆಕ್ಕ. ಮದ್ಯ ಮೆದುಳಿಗೆ ಬ್ರೇಕ್ ಹಾಕುತ್ತೆ. ವರ್ಷಗಟ್ಟಲೆ ಬ್ರೇಕ್ ಒತ್ತಿಯೇ ಗಾಡಿ ಓಡಿಸಿದ್ರೆ, ಗಾಡಿ ಮುಂದೆ ಹೋಗೋಕೆ ಮೆದುಳು ಆಕ್ಸಿಲರೇಟರ್ ಜೋರಾಗಿ ಒತ್ತೋದನ್ನ ಕಲಿಯುತ್ತೆ. ಒಂದೇ ದಿನ ಬ್ರೇಕ್ ಬಿಟ್ರೆ? ಆಕ್ಸಿಲರೇಟರ್ ಮೇಲಿನ ಕಾಲು ಹಾಗೇ ಇರುತ್ತೆ. ಮೊದಲ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಅನ್ನೋ ಸ್ಥಿತಿ: ದಿಕ್ಕು ತಪ್ಪುತ್ತೆ, ಇಲ್ಲದ ಹುಳ ಹುಪ್ಪಟೆ ಗೋಡೆ ಮೇಲೆ ಕಾಣುತ್ತೆ, ಯಾರೋ ಕರೆದ ಹಾಗೆ ಕೇಳುತ್ತೆ, ಜ್ವರ ಏರುತ್ತೆ. ಚಿಕಿತ್ಸೆ ಸಿಗದಿದ್ರೆ ಸಾಯಬಹುದು.

ಇಲ್ಲಿ ನಮ್ಮ ಕಡೆಯ ವಿಶೇಷ ಅಪಾಯ ಒಂದಿದೆ. ಇಲ್ಲದ್ದು ಕಾಣೋದು, ಕೂಗಾಡೋದು ಶುರುವಾದ್ರೆ ಮನೆಯವರಿಗೆ ಮೊದಲು ಹೊಳೆಯೋದು ಗಾಳಿ, ದೆವ್ವ. ಅಫಜಲಪುರ ತಾಲೂಕಿನ ಗಾಣಗಾಪುರದ ದತ್ತಾತ್ರೇಯ ಸನ್ನಿಧಿಗೆ ಭೂತಬಾಧೆ ಅಂತ ದೂರದೂರದಿಂದ ಜನ ಬರ್ತಾರೆ, ಇದು ಎಲ್ಲರಿಗೂ ಗೊತ್ತಿರೋದೇ. ಭಕ್ತಿಯಿಂದ ಹೋಗೋರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದ್ರೆ ಕುಡಿತ ನಿಲ್ಲಿಸಿದ ಮೂರನೇ ದಿನ ಒಬ್ಬನಿಗೆ ಹುಳ ಕಾಣ್ತಿದ್ರೆ, ಅವನನ್ನ ಮೊದಲು ಒಯ್ಯಬೇಕಾದದ್ದು ಆಸ್ಪತ್ರೆಗೆ. ಅಲ್ಲಿ ನಡುಕ ಮತ್ತು ಫಿಟ್ಸ್ ತಡೆಯೋ ಔಷಧಿಯನ್ನ ಲೆಕ್ಕ ಹಾಕಿ ಕೊಟ್ಟು, ದಿನದಿನಕ್ಕೆ ಕಮ್ಮಿ ಮಾಡ್ತಾ ಬರ್ತಾರೆ. ಜೊತೆಗೆ ಥಯಮಿನ್, ಅಂದ್ರೆ ಬಿ1 ವಿಟಮಿನ್ ಕೊಡ್ತಾರೆ. ಊಟ ಬಿಟ್ಟು ಕುಡಿದವರ ದೇಹದಲ್ಲಿ ಅದು ಖಾಲಿಯಾಗಿರುತ್ತೆ, ಅದಿಲ್ಲದಿದ್ರೆ ಮೆದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. ಕೆಲವೇ ದಿನದ ಕೆಲಸ. ಅದಾದ ಮೇಲೆ ಗಾಣಗಾಪುರಕ್ಕೂ ಹೋಗಲಿ, ಶಬರಿಮಲೆಗೂ ಹೋಗಲಿ.

ಎರಡನೇ ತೂತು: 42ನೇ ದಿನ

ಮಾಲೆಗೆ ಶುರು ಆಗೋ ದಿನ ಇದ್ದ ಹಾಗೆ ಮುಗಿಯೋ ದಿನಾನೂ ಇದೆ. ಮಾಲೆ ತೆಗೆದ ರಾತ್ರಿಯೇ ಪಾರ್ಟಿ ಮಾಡೋರನ್ನ ನೀವೂ ನೋಡಿರ್ತೀರಿ. 41 ದಿನ ಕಟ್ಟಿದ ದಿನಚರಿ, ಹೆಸರು, ಗುಂಪು ಎಲ್ಲಾ ಒಂದೇ ಸಲ ಬಿದ್ದು ಹೋಗುತ್ತೆ. ಅದರ ಮೇಲೆ ನಮ್ಮ ಕಡೆಯ ಬೆಳೆಯ ಕ್ಯಾಲೆಂಡರ್ ನೋಡಿ. ತೊಗರಿ ಕೊಯ್ಲು ಆಗೋದು ಡಿಸೆಂಬರ್, ಜನವರಿಯಲ್ಲಿ. ಮಾಲೆ ಇಳಿಯೋದು ಡಿಸೆಂಬರ್ ಕೊನೆಗೋ ಸಂಕ್ರಾಂತಿಗೋ. ಅಂದ್ರೆ ಕೊರಳಿನ ಮಾಲೆ ಹೋಗೋದಕ್ಕೂ ಕೈಗೆ ತೊಗರಿ ರೊಕ್ಕ ಬರೋದಕ್ಕೂ ಹೆಚ್ಚು ದಿನದ ಅಂತರ ಇರಲ್ಲ. ವರ್ಷದಲ್ಲಿ ಜೇಬು ತುಂಬಿರೋ ಕೆಲವೇ ದಿನ, ಕಾವಲು ಇಲ್ಲದ ದಿನವೂ ಅವೇ. ಇನ್ನೊಂದು ವಿಷಯ, ನಲವತ್ತು ದಿನ ಬಿಟ್ಟವನ ದೇಹಕ್ಕೆ ಹಳೇ ಅಳತೆ ತಡೆಯೋ ಶಕ್ತಿ ಉಳಿದಿರಲ್ಲ. ಮೊದಲಿನಷ್ಟೇ ಕುಡಿದ್ರೆ ಅಪಾಯ ಮೊದಲಿಗಿಂತ ಜಾಸ್ತಿ.

ಪಂಢರಪುರದ ವಾರಕರಿಗಳ ದಾರಿಯಲ್ಲಿ ಈ ತೂತು ಚಿಕ್ಕದು. ಪಂಢರಪುರದಲ್ಲಿ ಚಂದ್ರಭಾಗಾ ಅಂತ ಕರೆಸಿಕೊಳ್ಳೋ ಹೊಳೆಯೇ ನಮ್ಮ ಭೀಮಾ, ಅಲ್ಲಿಂದ ಹರಿದು ಅಫಜಲಪುರ ದಾಟಿ ಜೇವರ್ಗಿಗೆ ಬರೋದು. ಆ ನೀರಿನ ಜೊತೆ ವಿಠ್ಠಲನ ಭಕ್ತಿಯೂ ಈ ಕಡೆ ಬಂದಿದೆ. ವಾರಕರಿ ಹಾಕಿಕೊಂಡ ತುಳಸಿ ಮಾಳ ಕೊರಳಿಂದ ಇಳಿಯೋದಿಲ್ಲ, ಅದು ಜೀವನಪೂರ್ತಿ. ಹದಿನೈದು ದಿನಕ್ಕೊಮ್ಮೆ ಏಕಾದಶಿ ಬರುತ್ತೆ, ನಡುನಡುವೆ ಭಜನೆ, ಆಷಾಢ ಕಾರ್ತಿಕಕ್ಕೆ ವಾರಿ. ಅಂದ್ರೆ ಸರ್ವೀಸಿಂಗ್ ಶೆಡ್ಯೂಲ್ ಒಳಗೇ ಇದೆ. ಮಾಲೆಗೂ ಮಾಳಕ್ಕೂ ಇರೋ ವ್ಯತ್ಯಾಸದಿಂದ ನಾವು ಕಲಿಯಬೇಕಾದ ಪಾಠ: ಶುರು ಮಾಡಿಸೋದು ಅರ್ಧ ಕೆಲಸ, 42ನೇ ದಿನದಿಂದ ಮುಂದಿನ ವರ್ಷದವರೆಗೆ ಏನು ಅನ್ನೋದು ಉಳಿದರ್ಧ.

ಇದೇ ತೂತಿನ ಇನ್ನೊಂದು ಭಾಗ "ಆಣೆ ಮುರಿದೆ" ಅನ್ನೋ ಭಯ. ಪ್ರತಿಜ್ಞೆ ಮಾಡಿದವನು ಒಂದು ಸಲ ಜಾರಿದ್ರೆ ಪಾಪ ಮಾಡಿದೆ ಅಂತ ಅನ್ಸುತ್ತೆ, ಗುರುಸ್ವಾಮಿಗೆ ಮುಖ ತೋರಿಸಲ್ಲ, ಭಜನೆಗೆ ಬರಲ್ಲ, ಹೆಂಗೂ ಕೆಟ್ಟೆ ಅಂತ ಪೂರ್ತಿ ಮುಳುಗ್ತಾನೆ. ಶುಗರ್ ಇರೋ ಅಜ್ಜ ಒಂದು ಹೋಳಿಗೆ ತಿಂದ್ರೆ ಮರುದಿನ ಗುಳಿಗೆ ನಿಲ್ಲಿಸ್ತೀವಾ? ಇನ್ನೂ ಜೋಪಾನ ಮಾಡ್ತೀವಿ. ಒಂದು ಸಬ್ಜೆಕ್ಟ್ ಹೋದವನು ಕಾಲೇಜು ಬಿಡಲ್ಲ, ಸಪ್ಲಿ ಬರೀತಾನೆ. ಕುಡಿತ ಬಿಡೋನಿಗೂ ಒಂದು ಸಪ್ಲಿ ಇರಲಿ. ಜಾರಿದವನು ವಾಪಸ್ ಬರೋಕೆ ಬಾಗಿಲು ತೆರೆದಿಡದ ದಾರಿ ಎಷ್ಟೇ ಪವಿತ್ರವಾದ್ರೂ ಅರ್ಧ ದಾರಿಯೇ.

ಮೂರನೇ ತೂತು: ಗುಟ್ಟಿನ ಪುಡಿ, ಬೀಗ ಹಾಕಿದ ಕೋಣೆ

"ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಿ, ಕುಡಿತ ಬಿಡಿಸಿ" ಅನ್ನೋ ಜಾಹೀರಾತು ಗೋಡೆ ಮೇಲೆ, ಬಸ್ಸಿನ ಹಿಂದೆ ಎಲ್ಲರೂ ಓದಿದ್ದೀವಿ. ಸೋತು ಹೋದ ಅವ್ವಂದಿರು, ಹೆಂಡತಿಯರು ಇದನ್ನ ಕೊಂಡು ತರ್ತಾರೆ. ಇಂಥ ಪುಡಿಯಲ್ಲಿ ಏನಿದೆ ಅನ್ನೋದು ತಂದವರಿಗೆ ತಿಳಿಯೋ ದಾರಿಯೇ ಇಲ್ಲ. ಡೈಸಲ್ಫಿರಮ್ ಅನ್ನೋ ಒಂದು ನಿಜವಾದ ಔಷಧಿ ಇದೆ. ಅದನ್ನ ತಗೊಂಡು ಮೇಲೆ ಮದ್ಯ ಕುಡಿದ್ರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಬಿದ್ದು ಜೀವಕ್ಕೇ ಕುತ್ತು ಬರಬಹುದು. ಅದಕ್ಕೇ ರೋಗಿಗೆ ಎಲ್ಲಾ ತಿಳಿಸಿ, ಒಪ್ಪಿಗೆ ತಗೊಂಡು ಕೊಡಬೇಕಾದ ಔಷಧಿ ಅದು. ಸಾರಿನಲ್ಲಿ ಕದ್ದು ಬೆರೆಸೋದಲ್ಲ.

ಇನ್ನು ಕೆಲವು ಕಡೆ "ಕೇಂದ್ರ" ಅಂತ ಬೋರ್ಡ್ ಹಾಕಿ, ತಿಂಗಳುಗಟ್ಟಲೆ ಕೂಡಿಹಾಕಿ, ಹೊಡೆದು ಬಿಡಿಸ್ತೀವಿ ಅನ್ನೋರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ ಮತ್ತು ಡ್ರಗ್ಸ್ ಸಮಸ್ಯೆಯೂ ಸೇರಿದೆ. ಅದರ ಪ್ರಕಾರ ಯಾರನ್ನೂ ಸರಪಳಿಯಲ್ಲಿ ಕಟ್ಟೋ ಹಾಗಿಲ್ಲ, ಕ್ರೂರವಾಗಿ ನಡೆಸಿಕೊಳ್ಳೋ ಹಾಗಿಲ್ಲ. "ಪರ್ಯಾಯ ದಾರಿ" ಅನ್ನೋ ಹೆಸರಲ್ಲಿ ಇವನ್ನೆಲ್ಲಾ ಒಳಗೆ ಬಿಟ್ಟುಕೊಳ್ಳಬಾರದು.

ತೂತು ಮುಚ್ಚೋ ಸಾಮಾನು

ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ಮಾಡಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಒಂದು ಸಂಖ್ಯೆ ನನ್ನ ತಲೆಯಿಂದ ಹೋಗ್ತಿಲ್ಲ. ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದ್ರೂ ಒಂದು ಚಿಕಿತ್ಸೆ ಅಥವಾ ಸಹಾಯ ಸಿಕ್ಕಿದೆ. ಆಸ್ಪತ್ರೆಯಲ್ಲಿ ದಾಖಲಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಉಳಿದವರ ಪಾಲಿಗೆ ಇರೋದು ಮಾಲೆ, ಆಣೆ, ಪುಡಿ, ಇಲ್ಲಾ ಏನೂ ಇಲ್ಲ.

ಎಲ್ಲದಕ್ಕೂ ದೊಡ್ಡ ಸ್ಪೆಷಲಿಸ್ಟೇ ಬೇಕಾ ಅಂದ್ರೆ, ಬೇಡ ಅಂತ ಪಕ್ಕದ ಗೋವಾದಲ್ಲೇ ತೋರಿಸಿದ್ದಾರೆ. ಸಂಗಾತ್ ಅನ್ನೋ ಸಂಸ್ಥೆ ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಪ್ರಯೋಗ ಮಾಡ್ತು. ಮನೋವೈದ್ಯರಲ್ಲದ, ಊರಿನ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಹಾನಿಯಾಗೋ ಮಟ್ಟಕ್ಕೆ ಕುಡಿಯೋ ಗಂಡಸರ ಜೊತೆ ಹೆಚ್ಚೆಂದ್ರೆ ನಾಲ್ಕು ಸಲ ಮಾತಾಡಿಸಿದ್ರು. ಬುದ್ಧಿವಾದ ಇಲ್ಲ. ಯಾವಾಗ ಕುಡಿಬೇಕು ಅನ್ಸುತ್ತೆ, ಆಗ ಏನು ಮಾಡಬಹುದು, "ಬೇಡ" ಅಂತ ಹೇಳೋದು ಹೇಗೆ, ಇಷ್ಟೇ. ಮೂರು ತಿಂಗಳ ನಂತರ ನೋಡಿದಾಗ ಮಾತುಕತೆ ಸಿಕ್ಕವರಲ್ಲಿ ಶೇಕಡಾ 36 ಜನ ಅಪಾಯದ ಮಟ್ಟದಿಂದ ಹೊರಗೆ ಬಂದಿದ್ರು, ಸಿಗದವರಲ್ಲಿ ಶೇಕಡಾ 26. ಇದು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿದೆ. ಹತ್ತು ಶೇಕಡಾ ವ್ಯತ್ಯಾಸ ಅಂದ್ರೆ ಪವಾಡ ಏನಲ್ಲ, ಆದ್ರೆ ನಾಲ್ಕು ಸಲ ಮಾತಾಡಿದ್ದಕ್ಕೆ ಇಷ್ಟು ಸಿಕ್ಕರೆ ಯಾರು ಬೇಡ ಅಂತಾರೆ? ಒಂದು ಎಚ್ಚರಿಕೆ ಮಾತ್ರ ಇದೆ. ಇದು ಮಧ್ಯಮ ಹಂತದವರಿಗೆ. ಬೆಳಿಗ್ಗೆ ಎದ್ದರೆ ಕೈ ನಡುಗೋರಿಗೆ ಮೊದಲು ಡಾಕ್ಟರ್ ಬೇಕು.

ಡಾಕ್ಟರ್ ಎಲ್ಲಿದ್ದಾರೆ? ರಾಜ್ಯ ಸರ್ಕಾರ 2014ರಲ್ಲಿ "ಮನೋಚೈತನ್ಯ" ಯೋಜನೆ ಶುರು ಮಾಡ್ತು, ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರೋ ವ್ಯವಸ್ಥೆ. ಯಾವ ಮಂಗಳವಾರ ಅನ್ನೋದನ್ನ ಆಸ್ಪತ್ರೆಯಲ್ಲಿ ಕೇಳಿದ್ರೆ ಹೇಳ್ತಾರೆ. ಕಲಬುರಗಿಯಲ್ಲಿ ಜಿಮ್ಸ್ ಇದೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಇದೆ: 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಕುಡಿಬೇಕು ಅನ್ನೋ ತವಕ ಕಮ್ಮಿ ಮಾಡೋ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಥರದ ಗುಳಿಗೆಗಳೂ ಇವೆ. ಲಿವರ್, ಕಿಡ್ನಿ ಪರೀಕ್ಷೆ ಮಾಡಿಸಿ ಡಾಕ್ಟರ್ ಬರೆದುಕೊಡಬೇಕು. ಗುಳಿಗೆ ತಿಂದು ಬಿಟ್ಟವನ ಮನಸ್ಸು ಗಟ್ಟಿ ಇಲ್ಲ ಅಂತ ಯಾರಾದ್ರೂ ಅಂದ್ರೆ, ಕನ್ನಡಕ ಹಾಕಿದವನಿಗೆ ಓದೋ ಮನಸ್ಸಿಲ್ಲ ಅಂತ ಅಂದ ಹಾಗೆ.

"ಅಂಗಡಿನೇ ಮುಚ್ಚಿಸಿದ್ರೆ?"

ಈ ಪ್ರಶ್ನೆ ನ್ಯಾಯವಾದದ್ದೇ. 2019ರ ಜನವರಿಯಲ್ಲಿ ರಾಯಚೂರು ಮತ್ತು ಬೇರೆ ಜಿಲ್ಲೆಗಳ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದ್ರು. ಅವರ ಸಿಟ್ಟಿನಲ್ಲಿ ಸತ್ಯ ಇದೆ; ಕಿರಾಣಿ ಅಂಗಡಿಯಲ್ಲೂ ಕದ್ದು ಮಾರೋ ಊರಲ್ಲಿ ಕುಡಿತ ಬಿಟ್ಟವನು ಎಷ್ಟು ದಿನ ತಡೀತಾನೆ? ಅಕ್ರಮ ಮಾರಾಟ ನಿಲ್ಲಲೇಬೇಕು. ಆದ್ರೆ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧ ಆದಾಗ, ಕುಡಿಯೋರಲ್ಲಿ ಬಹಳ ಜನ ಅಗ್ಗದ ವಿಸ್ಕಿಗೆ ಹೋದ್ರು. ಅಂಗಡಿ ಮುಚ್ಚಿದ್ರೂ ಅವಲಂಬನೆ ಆದವನಿಗೆ ಚಿಕಿತ್ಸೆ ಬೇಕೇ ಬೇಕು. ಎರಡೂ ಕೆಲಸ ಒಟ್ಟಿಗೆ ನಡೀಬೇಕು.

ಇನ್ನೊಂದು ಆಕ್ಷೇಪಣೆ ನಾನೇ ಎತ್ತಬೇಕು. ಮಾಲೆ ಎಲ್ಲರದ್ದಲ್ಲ. ಲಾಡ್ಲೆ ಮಶಾಕ್ ದರ್ಗಾ ಇರೋ ಆಳಂದದಲ್ಲಿ ಮುಸ್ಲಿಮರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ರಂಜಾನ್ ತಿಂಗಳು ಪೂರ್ತಿ ಬಿಟ್ಟು ಈದ್ ಆದ ಮೇಲೆ ಜಾರೋರಿಗೂ ಇದೇ ಕಷ್ಟ, ಹೇಳಿಕೊಳ್ಳೋಕೆ ನಾಚಿಕೆ ಇನ್ನೂ ಜಾಸ್ತಿ. ಹೆಣ್ಣುಮಕ್ಕಳ ತಂಬಾಕು, ಮಿಶ್ರಿ ಚಟಕ್ಕೆ ಯಾವ ಮಾಲೆಯೂ ಇಲ್ಲ. ದೇವರನ್ನೇ ನಂಬದವನಿಗೂ ದಾರಿ ಬೇಕು. ಅದಕ್ಕೇ ಯಾವುದೋ ಒಂದನ್ನ ಎಲ್ಲರ ಮೇಲೆ ಹೇರದೆ, ಪ್ರತಿ ದಾರಿಗೂ ತಾಲೂಕು ಆಸ್ಪತ್ರೆಯ ಒಂದು ಕೊಂಡಿ ಹಾಕೋಣ ಅಂತ ನಾನು ಹೇಳೋದು.

ನಾವು ಮಾಡಬಹುದಾದದ್ದು

ನಮ್ಮ ಎನ್‌ಎಸ್‌ಎಸ್ ಕ್ಯಾಂಪ್ ವರ್ಷಕ್ಕೆ ಏಳು ದಿನ ಯಾವುದಾದ್ರೂ ಹಳ್ಳಿಯಲ್ಲಿ ನಡೆಯುತ್ತೆ. ಚರಂಡಿ ಸ್ವಚ್ಛ ಮಾಡ್ತೀವಿ, ಕೊನೆ ದಿನ ಕುಡಿತದ ಮೇಲೆ ಒಂದು ಬೀದಿ ನಾಟಕ ಆಡ್ತೀವಿ. ನಾಟಕದಲ್ಲಿ ಕುಡುಕ ತೂರಾಡ್ತಾನೆ, ಊರವರು ನಗ್ತಾರೆ, ಕೊನೆಗೆ ಅವನು ಸಾಯ್ತಾನೆ, ನಾವು ಬಸ್ ಹತ್ತುತ್ತೀವಿ. ಆ ಊರಲ್ಲಿ ನಿಜವಾಗಿ ಕುಡಿಯೋನು ಜನರ ಮಧ್ಯೆ ನಿಂತು ಅದನ್ನ ನೋಡ್ತಿರ್ತಾನೆ ಅನ್ನೋದು ನಮಗೆ ಹೊಳೆಯೋದೇ ಇಲ್ಲ.

ಈ ಸಲ ನಾಟಕದ ಬದಲು ಮೂರು ಕೆಲಸ ಮಾಡೋಣ ಅಂತ ನನ್ನ ಸಲಹೆ.

ಒಂದು, ಊರಿನ ಗುರುಸ್ವಾಮಿ, ಭಜನಾ ಮಂಡಳಿಯ ಹಿರಿಯರು, ಮಠದವರು, ಮಸೀದಿಯವರನ್ನ ಕಂಡು ಮಾತಾಡೋಣ. ಮಾಲೆ ಹಾಕೋ ಮೊದಲು, ಆಣೆ ಮಾಡಿಸೋ ಮೊದಲು ಎರಡೇ ಪ್ರಶ್ನೆ ಕೇಳಿ ಅಂತ ಕೈ ಮುಗಿದು ಕೇಳೋಣ: "ದಿನಾ ಕುಡಿತೀಯೇನಪಾ? ಮುಂಜಾನಿ ಕುಡೀಲಿಲ್ಲಂದ್ರ ಕೈ ನಡುಗ್ತಾವೇನು?" ಹೌದು ಅಂದ್ರೆ ಮೊದಲು ಆಸ್ಪತ್ರೆ, ಆಮೇಲೆ ಮಾಲೆ. ಡಾಕ್ಟರ್ ಹೇಳಿದ್ರೆ ಕೇಳದವನು ಗುರುಸ್ವಾಮಿ ಹೇಳಿದ್ರೆ ಕೇಳ್ತಾನೆ.

ಎರಡು, ಒಂದೇ ಪುಟದ ಕನ್ನಡ ಚೀಟಿ. ನಿಲ್ಲಿಸಿದ ಮೊದಲ ನಾಲ್ಕು ದಿನ ಏನೇನು ಆಗಬಹುದು, ಯಾವುದು ಕಂಡ್ರೆ 108ಕ್ಕೆ ಫೋನ್ ಮಾಡಬೇಕು, ತಾಲೂಕು ಆಸ್ಪತ್ರೆಯ ಮಂಗಳವಾರ ಯಾವುದು, 14416. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಗುಡಿ, ದರ್ಗಾದಲ್ಲಿ ಅಂಟಿಸೋಣ. ಇದರ ಬರವಣಿಗೆಯನ್ನ ಡಾಕ್ಟರಿಗೆ ತೋರಿಸಿ ಸರಿ ಮಾಡಿಸೋಣ. ಭಾಷೆ ನಮ್ಮ ಕನ್ನಡ ಸಂಘ ನೋಡಿಕೊಳ್ಳಲಿ, ಅಲ್ಲಿನ ಅವ್ವನಿಗೆ ಓದಿದ ಕೂಡಲೇ ತಿಳಿಯೋ ಹಾಗೆ.

ಮೂರು, 42ನೇ ದಿನದ ಭೇಟಿ. ಕ್ಯಾಂಪ್ ಮುಗಿದ ಮೇಲೂ ಅದೇ ಊರಿಗೆ ಸಂಕ್ರಾಂತಿಯ ನಂತರ ಒಂದು ಭಾನುವಾರ ಹೋಗೋಣ. ಮಾಲೆ ಇಳಿಸಿದವರ ಸಂಜೆಗೆ ಏನಾದ್ರೂ ಬೇಕು. ವಾಲಿಬಾಲ್ ಕೋರ್ಟ್ ಆಗಲಿ, ತತ್ವಪದದ ಭಜನೆ ಆಗಲಿ. ಕಡಕೋಳ ಮಡಿವಾಳಪ್ಪನವರ ನಾಡಲ್ಲಿ ಏಕತಾರಿ, ದಮ್ಮಡಿ ಹಿಡಿದು ಕೂತು ಹಾಡೋರಿಗೆ ಕೊರತೆ ಇಲ್ಲ. ಅಲ್ಲಿ ಜಾತಿಯೂ ಕೇಳಲ್ಲ, ಧರ್ಮಾನೂ ಕೇಳಲ್ಲ.

ಕೊನೆಯದಾಗಿ ಹಾಸ್ಟೆಲ್ ಮಾತು. ಕುಡಿತ ಊರಿನ ಕಾಕಾಗಳ ಸಮಸ್ಯೆ ಅಂತ ಓದ್ತಿದ್ರೆ, ಬಾಗಿಲ ಹಿಂದಿನ ಗುಟ್ಕಾ ಪಾಕೀಟು, ಇಂಟರ್ನಲ್ಸ್ ಮುಗಿದ ರಾತ್ರಿಯ ಬಾಟಲಿ, ಐಪಿಎಲ್ ಬೆಟ್ಟಿಂಗ್ ಸಾಲ ಯಾರದ್ದು? ನಮ್ಮ ಫ್ಲೋರಲ್ಲಿ ಒಬ್ಬ "ಬಿಡಬೇಕು ಅಂತಿದ್ದೀನಿ ಕಣೋ" ಅಂದ್ರೆ ಅವನಿಗೆ ಸಿಗೋದು "ನಿನ್ನ ಕೈಲಿ ಆಗಲ್ಲ ಬಿಡೋ" ಅನ್ನೋ ನಗು. ಮಾಲೆ ಹಾಕಿದವನಿಗೆ ಊರಿನ ಕುಡುಕ ಗೆಳೆಯರೂ ಗ್ಲಾಸ್ ಕೊಡಲ್ಲ. ಮಾಲೆ ಇಲ್ಲದೇ ಬಿಡ್ತೀನಿ ಅನ್ನೋ ರೂಮೇಟ್‌ಗೂ ಅಷ್ಟೇ ಮರ್ಯಾದೆ ಕೊಡೋದಕ್ಕೆ ನಮಗೆ ಯಾವ ವ್ರತವೂ ಬೇಕಿಲ್ಲ. ಮುಂದಿನ ಸಲ ಅವನು ಆ ಮಾತು ಹೇಳಿದಾಗ "ಸರಿ, ಇವತ್ತು ಸಂಜೆ ಆರಕ್ಕೆ ಎಲ್ಲಿಗೆ ಹೋಗೋಣ?" ಅಂತ ಕೇಳಿ. ಅವನ ಸಂಜೆ ಆರರಿಂದ ಒಂಬತ್ತು ದಾಟಿದ್ರೆ ಒಂದು ದಿನ ದಾಟಿದ ಹಾಗೆ.